ವೈಫೈ 5 ಬಂದದ್ದು 2013ರಲ್ಲಿ, ಫ್ರೀಬಿಎಸ್‌ಡಿಗೆ ತಲುಪಿದ್ದು 2025ರಲ್ಲಿ: ನಡುವೆ ಏನಾಯ್ತು?

ಲಿನಕ್ಸ್‌ನಂತೆ ಮೂಲ ಕೋಡ್ ತೆರೆದಿಟ್ಟ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿ. 2025ರ ಜೂನ್‌ನಲ್ಲಿ ಅದರ 14.3 ಆವೃತ್ತಿ ಬಿಡುಗಡೆಯಾಯಿತು. ಅದರ ಟಿಪ್ಪಣಿಯಲ್ಲಿದ್ದ ಒಂದು ಸುದ್ದಿ ಓದಿದರೆ ಖುಷಿಪಡಬೇಕೋ ನಗಬೇಕೋ ಗೊತ್ತಾಗುವುದಿಲ್ಲ. ಇಂಟೆಲ್‌ನ ವೈಫೈ ಕಾರ್ಡ್‌ಗಳು ಇನ್ನು ಮುಂದೆ 802.11ಎನ್ ಮತ್ತು 802.11ಎಸಿ ವೇಗದಲ್ಲಿ ಓಡುತ್ತವೆ ಎಂಬುದೇ ಆ ಸುದ್ದಿ. ಎನ್ ಎಂಬ ಮಾನಕ ಅಂತಿಮವಾದದ್ದು 2009ರಲ್ಲಿ. ಎಸಿ, ಅಂದರೆ ಈಗ ವೈಫೈ 5 ಎಂದು ಕರೆಯುವುದು, 2013ರ ಡಿಸೆಂಬರ್‌ನಲ್ಲಿ. ಸುದ್ದಿ ಬಂದ ಹೊತ್ತಿಗೆ ವೈಫೈ 7 ಉಪಕರಣಗಳಿಗೆ ಪ್ರಮಾಣಪತ್ರ ಕೊಡಲು ಶುರುವಾಗಿ ಒಂದೂವರೆ ವರ್ಷ ಆಗಿತ್ತು.

ಗೊಂದಲ ಜಾಸ್ತಿಯಾಗುವುದು ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಟ್ಟಾಗ. ನೆಟ್‌ಫ್ಲಿಕ್ಸ್ ತನ್ನ ವೀಡಿಯೊಗಳನ್ನು ಹಂಚುವ ಸರ್ವರ್‌ಗಳಲ್ಲಿ ಓಡಿಸುವುದು ಇದೇ ಫ್ರೀಬಿಎಸ್‌ಡಿಯನ್ನು. ಒಂದೇ ಸರ್ವರ್‌ನಿಂದ ಸೆಕೆಂಡಿಗೆ 800 ಗಿಗಾಬಿಟ್ ಹೊರಗೆ ಕಳಿಸುವ ಕೆಲಸವನ್ನು ಅದರ ಎಂಜಿನಿಯರ್‌ಗಳು 2022ರಲ್ಲೇ ವಿವರಿಸಿದ್ದರು. ನೆಟ್‌ವರ್ಕ್ ವಿಷಯದಲ್ಲಿ ಇಷ್ಟು ಗಟ್ಟಿಯಾದ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದು ಲ್ಯಾಪ್‌ಟಾಪ್‌ನ ವೈಫೈ ಮುಂದೆ 54 ಮೆಗಾಬಿಟ್‌ಗೆ ನಿಂತುಬಿಟ್ಟಿತ್ತು. ಹೇಗೆ?

ಸೋಮಾರಿತನ ಎನ್ನುವುದು ಸುಲಭದ ಉತ್ತರ. ಕಂಪನಿಗಳು ಮಾಹಿತಿ ಕೊಡುವುದಿಲ್ಲ ಎನ್ನುವುದು ಎರಡನೇ ಸುಲಭದ ಉತ್ತರ. ಎರಡನೆಯದು ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಅರ್ಧ ನಿಜ. ನಿಜವಾದ ತೊಡಕು ಇರುವುದು ಕಾರ್ಡನ್ನು ನಡೆಸುವ ಕೋಡ್ ಆದ ಡ್ರೈವರ್‌ನಲ್ಲಿ ಅಲ್ಲ, ಡ್ರೈವರ್ ಮತ್ತು ಕರ್ನಲ್ ಸೇರುವ ಜಾಗದಲ್ಲಿ.

ತಂತಿಯ ಕೆಲಸ ಬೇರೆ, ಗಾಳಿಯ ಕೆಲಸ ಬೇರೆ

ಈಥರ್ನೆಟ್ ಕಾರ್ಡಿನ ಡ್ರೈವರ್ ಬರೆಯುವುದು ಸುಲಭ ಎಂದು ಯಾರೂ ಹೇಳುವುದಿಲ್ಲ. ಆದರೆ ಅದರ ಕೆಲಸಕ್ಕೆ ಒಂದು ಗಡಿ ಇದೆ. ಪ್ಯಾಕೆಟ್ (ಡೇಟಾದ ತುಣುಕು) ಬಂತು, ಮೆಮೊರಿಗೆ ಹಾಕು. ಪ್ಯಾಕೆಟ್ ಹೋಗಬೇಕು, ತಂತಿಗೆ ಬಿಡು. ಆಚೆ ತುದಿಯಲ್ಲಿ ಯಾರಿದ್ದಾರೆ ಎಂದು ಕಾರ್ಡ್ ಹುಡುಕಬೇಕಾಗಿಲ್ಲ. ತಂತಿ ಇದ್ದಕ್ಕಿದ್ದಂತೆ ದುರ್ಬಲವಾಗುವುದೂ ಇಲ್ಲ.

ವೈಫೈನಲ್ಲಿ ಒಂದು ಪ್ಯಾಕೆಟ್ ಹೋಗುವ ಮೊದಲೇ ದೊಡ್ಡ ನಾಟಕ ನಡೆಯುತ್ತದೆ. ಸುತ್ತ ಯಾವ ಆಕ್ಸೆಸ್ ಪಾಯಿಂಟ್‌ಗಳು (ವೈಫೈ ಸಿಗ್ನಲ್ ಕೊಡುವ ಉಪಕರಣಗಳು) ಇವೆ ಎಂದು ಒಂದೊಂದೇ ಚಾನಲ್ ಸ್ಕ್ಯಾನ್ ಮಾಡಬೇಕು. ಒಂದನ್ನು ಆರಿಸಿ ಪರಿಚಯ ಹೇಳಿಕೊಳ್ಳಬೇಕು, ಸೇರಿಕೊಳ್ಳಬೇಕು, ಪಾಸ್‌ವರ್ಡ್‌ನಿಂದ ಕೀಲಿಗಳನ್ನು ಮಾಡಿಕೊಳ್ಳಬೇಕು. ಆಮೇಲೂ ಸಮಾಧಾನ ಇಲ್ಲ. ಲ್ಯಾಪ್‌ಟಾಪ್ ಹಿಡಿದು ಪಕ್ಕದ ಕೋಣೆಗೆ ಹೋದರೆ ಸಿಗ್ನಲ್ ಬದಲಾಗುತ್ತದೆ, ವೇಗವನ್ನು ತಗ್ಗಿಸಬೇಕು. ಬ್ಯಾಟರಿ ಉಳಿಸಲು ರೇಡಿಯೊ ಆಗಾಗ ಮಲಗಬೇಕು, ಮಲಗುವ ಮುಂಚೆ ಆಕ್ಸೆಸ್ ಪಾಯಿಂಟ್‌ಗೆ ಹೇಳಿ ಮಲಗಬೇಕು. ಯಾವ ದೇಶದಲ್ಲಿ ಯಾವ ಚಾನಲ್, ಎಷ್ಟು ಪವರ್ ಎಂಬ ನಿಯಮಗಳನ್ನೂ ಪಾಲಿಸಬೇಕು.

ಈ ಕೆಲಸಗಳು ಮೂರು ಕಡೆ ಹಂಚಿಹೋಗಿವೆ. ಕಾರ್ಡಿನ ಒಳಗೇ ಓಡುವ ಫರ್ಮ್‌ವೇರ್ ಮೊದಲನೆಯದು. ಆ ಫರ್ಮ್‌ವೇರ್ ಜೊತೆ ಮಾತಾಡುವ ಡ್ರೈವರ್ ಎರಡನೆಯದು. ಎಲ್ಲ ಡ್ರೈವರ್‌ಗಳಿಗೂ ಸಾಮಾನ್ಯವಾದ ವೈಫೈ ನಿಯಮಗಳನ್ನು ನೋಡಿಕೊಳ್ಳುವ ನಡುವಿನ ಪದರ ಮೂರನೆಯದು. ಲಿನಕ್ಸ್‌ನಲ್ಲಿ ಈ ನಡುವಿನ ಪದರದ ಹೆಸರು ಮ್ಯಾಕ್80211, ಅದು 2007ರಲ್ಲಿ 2.6.22 ಆವೃತ್ತಿಯೊಂದಿಗೆ ಕರ್ನಲ್ ಸೇರಿತು. ಫ್ರೀಬಿಎಸ್‌ಡಿಯಲ್ಲಿ ಅದೇ ಜಾಗದಲ್ಲಿ ನೆಟ್80211 ಇದೆ, ಅದು ಇನ್ನೂ ಹಳೆಯದು. ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಾಣುವ ಈ ಎರಡರ ಸ್ವಭಾವ ಪೂರ್ತಿ ಬೇರೆ. ಈ ಲೇಖನದ ಮುಕ್ಕಾಲು ಕಥೆ ಅದೇ.

ಬಾಗಿಲು ಮುಚ್ಚಿದ್ದ ಕಾಲ

2000ದ ದಶಕದಲ್ಲಿ ಮಾತ್ರ ಸಮಸ್ಯೆ ನಿಜಕ್ಕೂ ಗೋಪ್ಯತೆಯದೇ ಆಗಿತ್ತು. ಅಥೆರಾಸ್ ಕಂಪನಿಯ ವೈಫೈ ಚಿಪ್‌ಗಳನ್ನು ನಡೆಸುವ ಮುಖ್ಯ ಭಾಗ ಮೂಲ ಕೋಡ್ ಇಲ್ಲದ ಬೈನರಿ ರೂಪದಲ್ಲಷ್ಟೇ ಸಿಗುತ್ತಿತ್ತು. ಮುಚ್ಚಿಡಲು ಕೊಡುತ್ತಿದ್ದ ಮುಖ್ಯ ಕಾರಣ ರೇಡಿಯೊ ನಿಯಮ. ಕೋಡ್ ತೆರೆದಿಟ್ಟರೆ ಯಾರಾದರೂ ಪವರ್ ಹೆಚ್ಚಿಸಿ, ನಿಷೇಧಿತ ಚಾನಲ್‌ನಲ್ಲಿ ಪ್ರಸಾರ ಮಾಡಬಹುದು ಎಂಬ ಭಯ. ಬಿಎಸ್‌ಡಿ ಬಳಗದ ಇನ್ನೊಂದು ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ಇದನ್ನು ಒಪ್ಪದೆ, ಚಿಪ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ನೋಡಿಯೇ ತಮ್ಮದೇ ಕೋಡ್ ಬರೆದುಕೊಂಡರು. ಕೊನೆಗೆ 2008ರಲ್ಲಿ ಆ ಭಾಗದ ಮೂಲ ಕೋಡ್ ಹೊರಗೆ ಬಂತು. ಫ್ರೀಬಿಎಸ್‌ಡಿಯ ವೈಫೈ ಪದರವನ್ನು ಬೆಳೆಸಿದ ಸ್ಯಾಮ್ ಲೆಫ್ಲರ್ ಅದನ್ನು ಹೊರತಂದವರಲ್ಲಿ ಪ್ರಮುಖರು.

ಅದೇ ಕಾಲದ ಇನ್ನೊಂದು ಉಪಾಯ ಈಗ ಕೇಳಿದರೆ ತಮಾಷೆ ಅನ್ನಿಸುತ್ತದೆ. ವಿಂಡೋಸ್‌ಗೆ ಬರೆದ ವೈಫೈ ಡ್ರೈವರ್‌ನ ಬೈನರಿಯನ್ನೇ ತಂದು, ಅದರ ಸುತ್ತ ಸುಳ್ಳು ವಿಂಡೋಸ್ ಒಂದನ್ನು ಕಟ್ಟಿ, ಫ್ರೀಬಿಎಸ್‌ಡಿ ಕರ್ನಲ್‌ನೊಳಗೆ ಓಡಿಸುವುದು. ಬಿಲ್ ಪಾಲ್ ಬರೆದ ಈ ಕೋಡಿಗೆ ಪ್ರಾಜೆಕ್ಟ್ ಈವಿಲ್ ಎಂಬ ಅಡ್ಡಹೆಸರೇ ಇತ್ತು. ಲಿನಕ್ಸ್‌ನಲ್ಲಿ ಎನ್‌ಡಿಐಎಸ್‌ರ್‍ಯಾಪರ್ ಮಾಡಿದ್ದೂ ಇದನ್ನೇ. ಕೆಲವು ವರ್ಷ ಎಷ್ಟೋ ಲ್ಯಾಪ್‌ಟಾಪ್‌ಗಳು ಇದರಿಂದಲೇ ಬದುಕಿದವು. ಆದರೆ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣದ ಕೋಡ್ ಕರ್ನಲ್ ಮಧ್ಯೆ ಕೂತಿದ್ದರೆ ಅದನ್ನು ದುರಸ್ತಿ ಮಾಡುವವರು ಯಾರು? ಫ್ರೀಬಿಎಸ್‌ಡಿ 14ರ ಹೊತ್ತಿಗೆ ಅದನ್ನು ಕಿತ್ತುಹಾಕಲಾಯಿತು.

ಈ ಹಳೆಯ ಕಥೆಯನ್ನು ನೆನಪಿಸಲು ಕಾರಣವಿದೆ. ಬೇರೊಂದು ವ್ಯವಸ್ಥೆಗೆ ಬರೆದ ಡ್ರೈವರ್ ತಂದು, ಅದಕ್ಕೆ ತನ್ನ ಮನೆಯಲ್ಲೇ ಇದ್ದೇನೆ ಎನ್ನುವ ಭ್ರಮೆ ಹುಟ್ಟಿಸುವ ಯೋಚನೆ ಸಾಯಲಿಲ್ಲ. ವಿಂಡೋಸ್ ಬದಲು ಲಿನಕ್ಸ್, ಬೈನರಿ ಬದಲು ಮೂಲ ಕೋಡ್, ಅಷ್ಟೇ ವ್ಯತ್ಯಾಸ.

ಡ್ರೈವರ್ ಸಿಕ್ಕಿತು, ನಡುವಿನ ಪದರ ಸಿಗಲಿಲ್ಲ

ಈಗ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಎಲ್ಲವೂ ಲಿನಕ್ಸ್‌ಗೆ ತಾವೇ ಡ್ರೈವರ್ ಬರೆಯುತ್ತವೆ. ಪ್ರೀತಿಯಿಂದಲ್ಲ. ಆಂಡ್ರಾಯ್ಡ್, ಕ್ರೋಮ್‌ಬುಕ್, ರೌಟರ್‌ಗಳು ಲಿನಕ್ಸ್ ಮೇಲೆ ನಿಂತಿರುವುದರಿಂದ ಬರೆಯದೆ ವ್ಯಾಪಾರ ಇಲ್ಲ. ಫ್ರೀಬಿಎಸ್‌ಡಿ ಲ್ಯಾಪ್‌ಟಾಪ್‌ಗೆ ಅಂಥ ಮಾರುಕಟ್ಟೆ ಇಲ್ಲ, ಹಾಗಾಗಿ ಕಂಪನಿಗಳು ಆ ಕಡೆ ತಲೆ ಹಾಕುವುದಿಲ್ಲ. ಲಿನಕ್ಸ್ ಡ್ರೈವರ್‌ಗಳನ್ನೇ ತಂದುಕೊಳ್ಳೋಣ ಎನ್ನುವುದು ಸಹಜವಾದ ಯೋಚನೆ.

ಇದಕ್ಕೆ ಫ್ರೀಬಿಎಸ್‌ಡಿಯಲ್ಲಿ ಲಿನಕ್ಸ್‌ಕೆಪಿಐ ಎಂಬ ಪದರ ಮೊದಲೇ ಇತ್ತು. ಲಿನಕ್ಸ್ ಕರ್ನಲ್‌ನ ಒಳಗಿನ ಫಂಕ್ಷನ್‌ಗಳ ಹೆಸರಲ್ಲೇ ಫಂಕ್ಷನ್‌ಗಳನ್ನು ಕೊಟ್ಟು, ಒಳಗಡೆ ಫ್ರೀಬಿಎಸ್‌ಡಿಯ ಕೆಲಸ ಮಾಡಿಸುವ ದುಭಾಷಿ ಅದು. ಮೆಮೊರಿ ಕೇಳಿದರೆ ಮೆಮೊರಿ, ಲಾಕ್ ಕೇಳಿದರೆ ಲಾಕ್. ಗ್ರಾಫಿಕ್ಸ್ ಡ್ರೈವರ್‌ಗಳು ಹೀಗೆಯೇ ಬಂದು ಚೆನ್ನಾಗಿ ಓಡುತ್ತಿವೆ.

ವೈಫೈ ವಿಷಯದಲ್ಲಿ ಲೈಸೆನ್ಸ್ ಅಡ್ಡ ಬಂತು. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಅಡಿ. ಆ ಕೋಡ್ ಸೇರಿಸಿ ಹಂಚಿದರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕು. ಫ್ರೀಬಿಎಸ್‌ಡಿಯ ಲೈಸೆನ್ಸ್ ಅಷ್ಟು ಕೇಳುವುದಿಲ್ಲ. ಒಳಗಿನ ಬದಲಾವಣೆಗಳನ್ನು ಗುಟ್ಟಾಗಿಟ್ಟು ಮಾರುವ ಸ್ವಾತಂತ್ರ್ಯವೂ ಇದೆ, ಪ್ಲೇಸ್ಟೇಷನ್ 4 ಒಳಗೆ ಅದು ಹೋಗಿ ಕೂತದ್ದು ಹಾಗೇ. ಜಿಪಿಎಲ್ ಕೋಡನ್ನು ಕರ್ನಲ್‌ಗೆ ಬೆರೆಸಿದರೆ ಆ ಬಳಕೆದಾರರು ಕೈಬಿಟ್ಟು ಹೋಗುತ್ತಾರೆ.

ಇಂಟೆಲ್‌ನ ಐಡಬ್ಲ್ಯುಎಲ್‌ವೈಫೈ ಡ್ರೈವರ್‌ನ ಹೆಚ್ಚಿನ ಭಾಗಕ್ಕೆ ಎರಡು ಲೈಸೆನ್ಸ್ ಇವೆ, ಜಿಪಿಎಲ್ ಅಥವಾ ಬಿಎಸ್‌ಡಿ, ಬೇಕಾದ್ದು ಆರಿಸಿಕೊಳ್ಳಬಹುದು. ಹಳೆಯ ಚಿಪ್‌ಗಳನ್ನು ನೋಡಿಕೊಳ್ಳುವ ಭಾಗ ಮಾತ್ರ ಜಿಪಿಎಲ್‌ನಲ್ಲೇ ಉಳಿದಿದೆ, ಅದನ್ನು ಬಿಟ್ಟುಬಿಡಬಹುದು. ಅಂದರೆ ಡ್ರೈವರ್ ತರಲು ತೊಂದರೆ ಇಲ್ಲ. ಆದರೆ ಆ ಡ್ರೈವರ್ ಹೆಜ್ಜೆಹೆಜ್ಜೆಗೂ ಮ್ಯಾಕ್80211 ಅನ್ನು ಕರೆಯುತ್ತದೆ. ಮತ್ತು ಮ್ಯಾಕ್80211 ಇರುವುದು ಜಿಪಿಎಲ್‌ನಲ್ಲಿ ಮಾತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತಾಯಿತು ಸ್ಥಿತಿ.

ಉಳಿದ ದಾರಿ ಒಂದೇ. ಡ್ರೈವರ್‌ನ ಕಡೆಗೆ ಮ್ಯಾಕ್80211ನ ಮುಖ ತೋರಿಸುವ, ಹಿಂದಿನಿಂದ ನೆಟ್80211 ಜೊತೆ ಮಾತಾಡುವ ಹೊಸ ಪದರವನ್ನು ಬರೆಯುವುದು. ಅದೂ ಮೂಲ ಕೋಡನ್ನು ನಕಲು ಮಾಡದೆ. ಫ್ರೀಬಿಎಸ್‌ಡಿ ಫೌಂಡೇಷನ್‌ನ ಹಣದಲ್ಲಿ ಈ ಕೆಲಸವನ್ನು ಬಹುಪಾಲು ಮಾಡಿದವರು ಬಿಯರ್ನ್ ಜೀಬ್. 2022ರ ಮೇನಲ್ಲಿ ಬಂದ 13.1 ಆವೃತ್ತಿಯಲ್ಲಿ ಡ್ರೈವರ್ ಕಾಣಿಸಿಕೊಂಡಿತು. ಹೊಸ ಇಂಟೆಲ್ ಕಾರ್ಡ್‌ಗಳು ಗುರುತು ಸಿಕ್ಕವು, ನೆಟ್‌ವರ್ಕ್‌ಗೆ ಸೇರಿದವು. ವೇಗ ಮಾತ್ರ 2003ರ 802.11ಜಿ ಮಟ್ಟದ್ದು.

ಎತ್ತು ಏರಿಗೆ, ಕೋಣ ನೀರಿಗೆ

ಸೇರಿಕೊಂಡ ಮೇಲೆ ವೇಗ ಬರಲು ಮೂರು ವರ್ಷ ಯಾಕೆ ಬೇಕಾಯಿತು? ಎರಡು ಪದರಗಳ ಸ್ವಭಾವ ಬೇರೆ ಎಂದೆನಲ್ಲ, ಅದು ಇಲ್ಲಿ ಕಾಡಿತು.

ಮ್ಯಾಕ್80211 ಪ್ರಕಾರ ಒಂದು ಸಂಪರ್ಕಕ್ಕೆ ಐದು ಮೆಟ್ಟಿಲು. ಇಲ್ಲ, ಇದೆ, ಪರಿಚಯವಾಗಿದೆ, ಸೇರಿದೆ, ಕೀಲಿ ಸಿಕ್ಕಿ ಅನುಮತಿಯಾಗಿದೆ. ಏರುವಾಗ ಒಂದೊಂದೇ ಮೆಟ್ಟಿಲು ಏರಬೇಕು, ಇಳಿಯುವಾಗಲೂ ಒಂದೊಂದೇ ಇಳಿಯಬೇಕು. ಇಂಟೆಲ್‌ನ ಡ್ರೈವರ್ ಪ್ರತಿ ಮೆಟ್ಟಿಲಲ್ಲೂ ಫರ್ಮ್‌ವೇರ್‌ಗೆ ನಿರ್ದಿಷ್ಟ ಆದೇಶ ಕಳಿಸುತ್ತದೆ. ಒಂದು ಮೆಟ್ಟಿಲು ಹಾರಿದರೆ ಫರ್ಮ್‌ವೇರ್ ತಾಳ್ಮೆಯಿಂದ ತಿದ್ದುವುದಿಲ್ಲ, ಅಲ್ಲೇ ಕುಸಿದುಬೀಳುತ್ತದೆ. ಕಾರ್ಡನ್ನು ಮತ್ತೆ ಮೊದಲಿಂದ ಎಬ್ಬಿಸಬೇಕು.

ನೆಟ್80211 ಹುಟ್ಟಿದ ಕಾಲದ ಕಾರ್ಡ್‌ಗಳು ಇಷ್ಟು ಶಿಸ್ತು ಕೇಳುತ್ತಿರಲಿಲ್ಲ. ಅದಕ್ಕೆ ಹಿಂದಿನ ಆಕ್ಸೆಸ್ ಪಾಯಿಂಟ್ ಬಿಟ್ಟು ಹೊಸದಕ್ಕೆ ಹೋಗಬೇಕು ಅನ್ನಿಸಿದರೆ, ತನ್ನ ಪುಸ್ತಕದಲ್ಲಿ ಹಳೆಯ ಹೆಸರು ಅಳಿಸಿ ಹೊಸ ಹೆಸರು ಬರೆದುಕೊಳ್ಳುತ್ತದೆ. ಅದರ ಮಟ್ಟಿಗೆ ಕೆಲಸ ಮುಗಿಯಿತು. ಕೆಳಗಿರುವ ಇಂಟೆಲ್ ಡ್ರೈವರ್‌ಗೆ ಹಳೆಯವನ ಜೊತೆ ಲೆಕ್ಕ ಚುಕ್ತಾ ಆಗಿಲ್ಲ, ಹೊಸಬ ಯಾರೆಂದು ಗೊತ್ತಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆ ಇದಕ್ಕೇ ಹೇಳಿದಂತಿದೆ. ನಡುವೆ ನಿಂತ ದುಭಾಷಿ ಪದರ ಪ್ರತಿ ಸಲ ಎರಡೂ ಕಡೆಯ ಲೆಕ್ಕ ಸರಿಮಾಡಬೇಕು, ಅದೂ ಪ್ಯಾಕೆಟ್‌ಗಳು ಓಡಾಡುತ್ತಿರುವಾಗಲೇ.

ಇಂಥ ದೋಷಗಳು ಹುಡುಕಲೂ ಕಷ್ಟ. ಒಂದು ಕೋಣೆಯಲ್ಲಿ ಬರುವುದು ಇನ್ನೊಂದು ಕೋಣೆಯಲ್ಲಿ ಬರುವುದಿಲ್ಲ. ಒಂದು ರೌಟರ್ ಜೊತೆ ಗಂಟೆಗಟ್ಟಲೆ ಚೆನ್ನಾಗಿರುವುದು ಇನ್ನೊಂದರ ಜೊತೆ ಐದು ನಿಮಿಷಕ್ಕೆ ಕಡಿದುಹೋಗುತ್ತದೆ. ಫರ್ಮ್‌ವೇರ್ ಬಿದ್ದಾಗ ಕೊಡುವ ಸಂದೇಶ ಅಂಕಿಗಳ ರಾಶಿ, ಅದರ ಅರ್ಥ ಪೂರ್ತಿ ಗೊತ್ತಿರುವುದು ಕಂಪನಿಯ ಒಳಗಿನವರಿಗೆ ಮಾತ್ರ.

54 ಎಂಬ ಅಂಕಿ ಎಲ್ಲಿಂದ ಬಂತು

ಜಿ ಮತ್ತು ಎಸಿ ನಡುವಿನ ವ್ಯತ್ಯಾಸ ಸುಮ್ನೆ ಒಂದು ಸ್ವಿಚ್ ಒತ್ತಿದರೆ ಬರುವಂಥದ್ದಲ್ಲ. ಮುಖ್ಯವಾದ ಒಂದು ತಂತ್ರ ನೋಡಿ.

ವೈಫೈನಲ್ಲಿ ಎಲ್ಲರೂ ಒಂದೇ ಗಾಳಿ ಹಂಚಿಕೊಳ್ಳುತ್ತಾರೆ. ಕಳಿಸುವ ಮುಂಚೆ ಯಾರೂ ಮಾತಾಡುತ್ತಿಲ್ಲ ಎಂದು ಕೇಳಿಸಿಕೊಳ್ಳಬೇಕು, ಸ್ವಲ್ಪ ಕಾಯಬೇಕು, ಕಳಿಸಬೇಕು, ತಲುಪಿತು ಎಂಬ ಉತ್ತರಕ್ಕೆ ಮತ್ತೆ ಕಾಯಬೇಕು. ಈ ಕಾಯುವಿಕೆಯಿಂದಲೇ 54 ಮೆಗಾಬಿಟ್ ಎಂದು ಬರೆದಿರುವ ಜಿಯಲ್ಲಿ ನಿಜವಾಗಿ ಸಿಗುವುದು ಅರ್ಧಕ್ಕಿಂತ ಕಡಿಮೆ. ರೇಡಿಯೊ ವೇಗವನ್ನು ಹತ್ತು ಪಟ್ಟು ಮಾಡಿದರೂ ಕಾಯುವ ಹೊತ್ತು ಹಾಗೇ ಉಳಿಯುತ್ತದೆ. ಅರವತ್ತು ಅರ್ಜಿಗಳನ್ನು ಒಂದೊಂದಾಗಿ ಹಿಡಿದು ಅರವತ್ತು ಸಲ ಸಾಲಿನಲ್ಲಿ ನಿಂತರೆ, ಕೌಂಟರ್‌ನವರು ಎಷ್ಟು ಚುರುಕಾಗಿದ್ದರೆ ಏನು?

ಎನ್ ಮಾನಕ ಇದಕ್ಕೆ ತಂದ ಪರಿಹಾರ ಪ್ಯಾಕೆಟ್‌ಗಳನ್ನು ಕಟ್ಟುಕಟ್ಟಿ ಕಳಿಸುವುದು. ಒಂದು ಕಟ್ಟಿನಲ್ಲಿ 64ರವರೆಗೆ ಪ್ಯಾಕೆಟ್, ಒಂದೇ ಸಲ ಸಾಲು, ಒಂದೇ ಉತ್ತರ. ಆ ಉತ್ತರದಲ್ಲಿ ಯಾವುದು ತಲುಪಿತು, ಯಾವುದು ತಲುಪಲಿಲ್ಲ ಎಂಬ ಗುರುತು ಇರುತ್ತದೆ. ತಲುಪದಿದ್ದುದನ್ನು ಮತ್ತೆ ಕಳಿಸಬೇಕು, ಪಡೆಯುವವರು ಹಿಂದುಮುಂದಾಗಿ ಬಂದದ್ದನ್ನು ಸಾಲಾಗಿ ಜೋಡಿಸಬೇಕು. ಕಟ್ಟು ಕಳಿಸುವ ಮುಂಚೆ ಎರಡೂ ಕಡೆ ಒಪ್ಪಂದ ಆಗಬೇಕು. ಈ ಒಪ್ಪಂದವನ್ನು ನೆಟ್80211 ತಾನೇ ಮಾಡಿಕೊಳ್ಳಲು ಹೋಗುತ್ತದೆ, ಇಂಟೆಲ್ ಡ್ರೈವರ್ ಮತ್ತು ಫರ್ಮ್‌ವೇರ್ ತಮ್ಮ ಕೆಲಸ ಅದು ಎನ್ನುತ್ತವೆ. ಜೋಡಿಸುವ ಕೆಲಸ ಯಾರದು, ಲೆಕ್ಕ ಇಡುವುದು ಯಾರು ಎಂದು ಒಂದೊಂದಾಗಿ ತೀರ್ಮಾನಿಸಿ ದುಭಾಷಿಗೆ ಕಲಿಸಬೇಕಾಯಿತು.

ಫ್ರೀಬಿಎಸ್‌ಡಿಗೆ ಎನ್ ಗೊತ್ತೇ ಇರಲಿಲ್ಲ ಎಂದು ತಿಳಿಯಬೇಡಿ. ಹಳೆಯ ಅಥೆರಾಸ್ ಮತ್ತು ಕೆಲವು ಹಳೆಯ ಇಂಟೆಲ್ ಕಾರ್ಡ್‌ಗಳು ಅದರದ್ದೇ ಡ್ರೈವರ್‌ಗಳಲ್ಲಿ ಎನ್ ವೇಗದಲ್ಲಿ ವರ್ಷಗಳಿಂದ ಓಡುತ್ತಿದ್ದವು. ಹೊಸ ಕಾರ್ಡ್, ಎರವಲು ಡ್ರೈವರ್ ಇದ್ದ ಕಡೆ ಮಾತ್ರ ಈ ವಿಚಿತ್ರ. ಕಾರ್ಡ್ ಹೊಸದಾದಷ್ಟೂ ನಿಧಾನ!

14.3ರ ನಂತರ ಎಸಿ ಬಂದದ್ದರಿಂದ, ಎರಡು ಆಂಟೆನಾ ಇರುವ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ 80 ಮೆಗಾಹರ್ಟ್ಸ್ ಅಗಲದ ಚಾನಲ್ ಮೇಲೆ ಮಾನಕ ಹೇಳುವ ಮಿತಿ ಸುಮಾರು 867 ಮೆಗಾಬಿಟ್. ಕೈಗೆ ಸಿಗುವುದು ಇದಕ್ಕಿಂತ ಕಡಿಮೆಯೇ, ಆದರೂ ಹಿಂದಿನದಕ್ಕೆ ಹೋಲಿಸುವ ಹಾಗಿಲ್ಲ.

ಇದರ ಲಾಭ ಫ್ರೀಬಿಎಸ್‌ಡಿ ಬಳಸುವವರಿಗೆ ಮಾತ್ರ ಅಲ್ಲ. ಗಾಳಿ ಹಂಚಿಕೊಂಡಿರುವುದರಿಂದ, ನಿಧಾನವಾಗಿ ಮಾತಾಡುವ ಒಂದು ಯಂತ್ರ ಅಷ್ಟೇ ಡೇಟಾಗೆ ಜಾಸ್ತಿ ಹೊತ್ತು ಚಾನಲ್ ಹಿಡಿದಿರುತ್ತದೆ. ಅದೇ ಆಕ್ಸೆಸ್ ಪಾಯಿಂಟ್‌ನಲ್ಲಿರುವ ಉಳಿದವರೂ ಕಾಯುತ್ತಾರೆ. ಯಾರದೋ ಹಳೆಯ ಕರ್ನಲ್‌ನಿಂದ ಪಕ್ಕದವರ ವೀಡಿಯೊ ಕರೆ ತಡವರಿಸಬಹುದು.

ಎರವಲು ಬೇಡ ಎನ್ನುವವರು

ಲಿನಕ್ಸ್ ಡ್ರೈವರ್ ತರುವುದೇ ತಪ್ಪು ದಾರಿ ಎನ್ನುವವರ ವಾದದಲ್ಲೂ ಹುರುಳಿದೆ. ಲಿನಕ್ಸ್ ತನ್ನ ಕರ್ನಲ್‌ನ ಒಳಗಿನ ಇಂಟರ್‌ಫೇಸ್‌ಗಳನ್ನು ಸ್ಥಿರವಾಗಿಡುವುದಾಗಿ ಯಾರಿಗೂ ಮಾತು ಕೊಟ್ಟಿಲ್ಲ, ಬೇಕೆಂದೇ ಕೊಟ್ಟಿಲ್ಲ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಮ್ಯಾಕ್80211ನಲ್ಲಿ ಏನಾದರೂ ಬದಲಾದರೆ ಲಿನಕ್ಸ್‌ನವರು ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ಅಲ್ಲೇ ತಿದ್ದಿಬಿಡುತ್ತಾರೆ. ದುಭಾಷಿ ಪದರವನ್ನು ತಿದ್ದುವವರು ಮಾತ್ರ ಬೇರೆ ಊರಿನಲ್ಲಿ ಒಂಟಿಯಾಗಿ ಕೂತಿರುತ್ತಾರೆ. ಫ್ರೀಬಿಎಸ್‌ಡಿ ಇದಕ್ಕೆ ತದ್ವಿರುದ್ಧ. ಒಂದು ಮುಖ್ಯ ಆವೃತ್ತಿಯ ಜೀವಮಾನ ಪೂರ್ತಿ ಕರ್ನಲ್‌ನ ಒಳಗಿನ ರಚನೆಗಳನ್ನು ಆದಷ್ಟು ಕದಲಿಸದೆ ಇಡುತ್ತದೆ. ಹರಿಯುವ ನೀರಿನಲ್ಲಿರುವ ದೋಣಿಯನ್ನು ದಡದ ಕಂಬಕ್ಕೆ ಕಟ್ಟುವ ಕೆಲಸ ಇದು.

ಇವರು ತೋರಿಸುವ ಉದಾಹರಣೆ ಓಪನ್‌ಬಿಎಸ್‌ಡಿ. ಅಲ್ಲಿ ವೈಫೈಗೆ ಲಿನಕ್ಸ್ ಪದರ ಇಲ್ಲ. ಇಂಟೆಲ್‌ನ ಕೋಡ್ ಓದಿ, ತಮಗೆ ಬೇಕಾದಷ್ಟನ್ನು ಮಾತ್ರ ತಮ್ಮ ಶೈಲಿಯಲ್ಲಿ ಬರೆದುಕೊಳ್ಳುತ್ತಾರೆ. ಹೊಸ ಇಂಟೆಲ್ ಕಾರ್ಡ್‌ಗಳಿಗಾಗಿ ಅಲ್ಲಿ ಹುಟ್ಟಿದ ಐಡಬ್ಲ್ಯುಎಕ್ಸ್ ಡ್ರೈವರ್ ಹೈಕು ಎಂಬ ಇನ್ನೊಂದು ವ್ಯವಸ್ಥೆಗೂ ಹೋಯಿತು, ಫ್ರೀಬಿಎಸ್‌ಡಿ 15ಕ್ಕೂ ಬಂತು. ಹೀಗಾಗಿ ಒಂದೇ ಕಾರ್ಡ್‌ಗೆ ಈಗ ಎರಡು ಡ್ರೈವರ್. ಒಂದು ಲಿನಕ್ಸ್‌ನಿಂದ ಬಂದದ್ದು, ಇನ್ನೊಂದು ಬಿಎಸ್‌ಡಿ ಬಳಗದೊಳಗೇ ಬೆಳೆದದ್ದು. ಚಿಕ್ಕದಾದ, ಒಬ್ಬರೇ ಕೂತು ಓದಿ ಅರ್ಥಮಾಡಿಕೊಳ್ಳಬಹುದಾದ ಡ್ರೈವರ್‌ನಲ್ಲಿ ದೋಷ ಸಿಕ್ಕರೆ ತಿದ್ದಲು ಯಾರನ್ನೂ ಕೇಳಬೇಕಾಗಿಲ್ಲ.

ಈ ವಾದದ ದುರ್ಬಲ ಜಾಗವೂ ಅದೇ. ಒಬ್ಬರೇ ಓದಬಹುದಾದದ್ದನ್ನು ಬರೆಯುವವರೂ ಒಬ್ಬಿಬ್ಬರೇ. ಇಂಟೆಲ್ ಒಂದಕ್ಕೆ ಹೀಗೆ ಮಾಡಬಹುದು. ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಎಲ್ಲದರ ಪ್ರತಿ ತಲೆಮಾರಿಗೂ ಮಾಡುವಷ್ಟು ಕೈಗಳು ಎಲ್ಲಿವೆ? ದುಭಾಷಿ ಪದರ ಒಮ್ಮೆ ಗಟ್ಟಿಯಾದರೆ ರಿಯಲ್‌ಟೆಕ್‌ನ ಡ್ರೈವರ್‌ಗಳೂ ಅದರ ಮೇಲೆಯೇ ಬರುತ್ತವೆ, ಬರುತ್ತಲೂ ಇವೆ. ಹಾಗಾಗಿ ಎರವಲಿನ ದಾರಿಯೇ ದೂರ ಹೋಗಬಲ್ಲದು ಅನ್ನಿಸುತ್ತದೆ. ಆದರೆ ಎರವಲು ಎಂದರೆ ಪುಕ್ಕಟೆ ಎಂದಲ್ಲ. ತಂದ ದಿನದ ಖರ್ಚಿಗಿಂತ ಆಮೇಲಿನ ಬಡ್ಡಿಯೇ ಜಾಸ್ತಿ.

ಮೂರನೆಯ ಗುಂಪಿನವರ ಉಪಾಯ ಚಮತ್ಕಾರದ್ದು. ಅದರ ಹೆಸರು ವೈಫೈಬಾಕ್ಸ್. ಫ್ರೀಬಿಎಸ್‌ಡಿಯ ಒಳಗೇ ಪುಟ್ಟ ಲಿನಕ್ಸ್ ವರ್ಚುವಲ್ ಯಂತ್ರ ಓಡಿಸಿ, ವೈಫೈ ಕಾರ್ಡನ್ನು ಪೂರ್ತಿ ಅದರ ಕೈಗೆ ಕೊಟ್ಟುಬಿಡುವುದು. ಫ್ರೀಬಿಎಸ್‌ಡಿ ಆ ಯಂತ್ರವನ್ನು ರೌಟರ್‌ನಂತೆ ಬಳಸುತ್ತದೆ. ಲೈಸೆನ್ಸ್ ತಕರಾರಿಲ್ಲ, ಮೆಟ್ಟಿಲುಗಳ ಜಗಳವಿಲ್ಲ, ವೇಗ ಪೂರ್ತಿ. ಮೆಮೊರಿ, ಬ್ಯಾಟರಿ, ಲ್ಯಾಪ್‌ಟಾಪ್ ಮಲಗಿ ಏಳುವಾಗಿನ ತೊಂದರೆಗಳು ಬೇರೆ ಮಾತು. ವೈಫೈಗೋಸ್ಕರ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಸಾಕಬೇಕು ಅಂದಮೇಲೆ ಅದನ್ನೇ ನೇರವಾಗಿ ಹಾಕಿಕೊಳ್ಳಬಹುದಲ್ವಾ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಸರ್ವರ್‌ಗೆ ವೈಫೈ ಯಾಕೆ, ಲ್ಯಾಪ್‌ಟಾಪ್ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಅವರಿಗೆ ಸಿಗುವ ಉತ್ತರ ಸರಳ. ಕರ್ನಲ್ ಬರೆಯುವವರು ಕೂತು ಕೆಲಸ ಮಾಡುವುದು ಲ್ಯಾಪ್‌ಟಾಪ್‌ನಲ್ಲೇ. ಅವರೇ ತಮ್ಮ ದಿನದ ಕೆಲಸಕ್ಕೆ ಬೇರೆ ವ್ಯವಸ್ಥೆ ಬಳಸತೊಡಗಿದರೆ ದೋಷಗಳು ಕಣ್ಣಿಗೆ ಬೀಳುವುದು ತಡವಾಗುತ್ತದೆ. ಹೊಸದಾಗಿ ಕಲಿಯಲು ಬಂದವರಿಗೆ ಇನ್‌ಸ್ಟಾಲ್ ಮಾಡಿದ ಮೊದಲ ಗಂಟೆಯಲ್ಲೇ ಇಂಟರ್ನೆಟ್ ಸಿಗದಿದ್ದರೆ ಎರಡನೇ ಗಂಟೆಗೆ ಅವರು ಇರುವುದಿಲ್ಲ. 2024ರ ಕೊನೆಗೆ ಬಂದ 14.2ರಲ್ಲಿ ಇನ್‌ಸ್ಟಾಲರ್ ತಾನೇ ಫರ್ಮ್‌ವೇರ್ ತಂದು ಹಾಕುವಂತೆ ಮಾಡಿದ್ದರ ಹಿಂದೆಯೂ ಈ ಲೆಕ್ಕವೇ ಇರಬೇಕು.

ಗಾಳಿಯಲ್ಲಿ ಬರುವ ಅಪಾಯ

ವೇಗದ ಮಾತಿನ ನಡುವೆ ಸುರಕ್ಷತೆಯ ವಿಷಯ ಬದಿಗೆ ಸರಿಯುತ್ತದೆ, ಸರಿಯಬಾರದು. ವೈಫೈ ಪದರ ಪಾಸ್‌ವರ್ಡ್ ಕೇಳುವ ಮೊದಲೇ ಅಪರಿಚಿತರ ಸಂದೇಶಗಳನ್ನು ಓದುತ್ತದೆ. ಸ್ಕ್ಯಾನ್ ಎಂದರೆ ಅದೇ ಅಲ್ವಾ? ಸುತ್ತಲಿನ ಯಾವ ಆಕ್ಸೆಸ್ ಪಾಯಿಂಟ್ ಏನು ಹೇಳಿದರೂ ಕರ್ನಲ್ ಕಿವಿಗೊಡುತ್ತದೆ. ಓದುವ ಕೋಡ್‌ನಲ್ಲಿ ತಪ್ಪಿದ್ದರೆ, ಹತ್ತಿರದಲ್ಲಿರುವ ಯಾರೋ ಕಳಿಸಿದ ಕಿಡಿಗೇಡಿ ಸಂದೇಶವೊಂದು ನೇರ ಕರ್ನಲ್ ಒಳಗೆ ಇಳಿಯಬಹುದು.

2022ರಲ್ಲಿ ಎರಡೂ ಕಡೆ ಇದು ಬಯಲಾಯಿತು. ಏಪ್ರಿಲ್‌ನಲ್ಲಿ ಫ್ರೀಬಿಎಸ್‌ಡಿಯ ನೆಟ್80211ನಲ್ಲಿ, ಮೆಶ್ ನೆಟ್‌ವರ್ಕ್‌ನ ಹೆಸರಿನ ಉದ್ದವನ್ನು ಸರಿಯಾಗಿ ಪರೀಕ್ಷಿಸದ ದೋಷ ಸಿಕ್ಕಿತು. ಅದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೂತಿತ್ತು. ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ವೈಫೈ ಪದರದಲ್ಲಿ ಒಟ್ಟಿಗೆ ಐದು ದೋಷಗಳು ಹೊರಬಂದವು. ಹಾಗಾಗಿ ಯಾರ ಕೋಡ್ ಶುದ್ಧ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಎರವಲು ದಾರಿಯಲ್ಲಿ ಮ್ಯಾಕ್80211 ಬರುವುದಿಲ್ಲವಾದ್ದರಿಂದ ಅದರ ದೋಷಗಳೂ ಬರುವುದಿಲ್ಲ. ಆದರೆ ಡ್ರೈವರ್‌ನ ದೋಷ ಬರುತ್ತದೆ, ಅದಕ್ಕೆ ಲಿನಕ್ಸ್‌ನಲ್ಲಿ ತೇಪೆ ಹಾಕಿದ ದಿನವೇ ಇಲ್ಲೂ ಹಾಕಬೇಕಾಗುತ್ತದೆ. ಹಿಂದೆ ಬಿದ್ದ ಡ್ರೈವರ್ ನಿಧಾನ ಮಾತ್ರವಲ್ಲ, ಅಪಾಯವೂ ಹೌದು.

ಹಣ ಬಂತು, ಆಮೇಲೆ?

ಇಷ್ಟು ದಿನ ಆಗದ್ದು ಈಗ ಯಾಕಾಯಿತು ಎಂಬುದಕ್ಕೆ ದೊಡ್ಡ ಕಾರಣ ದುಡ್ಡು. 2024ರಲ್ಲಿ ಕ್ವಾಂಟಮ್ ಲೀಪ್ ರಿಸರ್ಚ್ ಎಂಬ ಸಂಸ್ಥೆ ಮತ್ತು ಫ್ರೀಬಿಎಸ್‌ಡಿ ಫೌಂಡೇಷನ್ ಸೇರಿ ಲ್ಯಾಪ್‌ಟಾಪ್ ಬೆಂಬಲಕ್ಕೆಂದು 7,50,000 ಡಾಲರ್ ತೆಗೆದಿಟ್ಟವು. ವೈಫೈ ಜೊತೆಗೆ ಆಡಿಯೊ, ಗ್ರಾಫಿಕ್ಸ್, ನಿದ್ದೆ ಮಾಡಿಸುವ ಹೊಸ ವಿಧಾನಗಳು ಎಲ್ಲವೂ ಇದರಲ್ಲೇ. ದೊಡ್ಡ ಚಿಪ್ ಕಂಪನಿಯ ಲೆಕ್ಕದಲ್ಲಿ ಇದು ಪುಡಿಗಾಸು. ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವವರ ಮೇಲೆ ನಿಂತಿದ್ದ ಕೆಲಸಕ್ಕೆ ಮಾತ್ರ ದೊಡ್ಡ ಬದಲಾವಣೆ. ವೈಫೈ ದೋಷ ಹುಡುಕಲು ದಿನಗಟ್ಟಲೆ ಬಿಡದೆ ಕೂರಬೇಕು, ಹತ್ತಾರು ಕಾರ್ಡ್ ಮತ್ತು ರೌಟರ್‌ಗಳು ಮೇಜಿನ ಮೇಲೆ ಇರಬೇಕು. ವಾರಾಂತ್ಯದ ಎರಡು ಗಂಟೆಗಳಲ್ಲಿ ಆಗುವ ಕೆಲಸ ಅದಲ್ಲ.

ಆದರೆ ಈ ಹಣ ಯೋಜನೆಗೆ ಬಂದದ್ದು. ಯೋಜನೆಗೆ ಕೊನೆ ಇದೆ, ಲಿನಕ್ಸ್ ಡ್ರೈವರ್‌ಗಳ ಬದಲಾವಣೆಗೆ ಕೊನೆ ಇಲ್ಲ. ಎಸಿ ಬಂತು ಎಂದು ತಂಡ ಚದುರಿಹೋದರೆ ಎರಡು ಮೂರು ವರ್ಷಗಳಲ್ಲಿ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ಲಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪ್, ಗುರುತಿಲ್ಲದ ಕಾರ್ಡ್, ಹಳೆಯ ವೇಗ.

ಮುಂದಿರುವ ಮೆಟ್ಟಿಲುಗಳು

ಈಗಿನ ಸ್ಥಿತಿಯಲ್ಲಿ ವೈಫೈ 6ರ ಕಾರ್ಡನ್ನು ಫ್ರೀಬಿಎಸ್‌ಡಿ ಗುರುತಿಸುತ್ತದೆ, ಆದರೆ ವೈಫೈ 5ರ ಕಾರ್ಡಿನಂತೆ ನಡೆಸುತ್ತದೆ. ಕಾರಣ ಡ್ರೈವರ್ ಅಲ್ಲ. ವೈಫೈ 6ರ ಹೊಸ ಭಾಷೆ ನೆಟ್80211ಗೆ ಇನ್ನೂ ಬರುವುದಿಲ್ಲ. ಬಿಎಸ್‌ಡಿ ಬಳಗದ ಡ್ರೈವರ್ ಆರಿಸಿಕೊಂಡರೂ ಇದೇ ಗೋಡೆ. ಅಂದರೆ ಎರಡು ಡ್ರೈವರ್‌ಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ, ಇಬ್ಬರೂ ನಿಂತಿರುವ ನೆಲವನ್ನು ಯಾರು ಎತ್ತರಿಸುತ್ತಾರೆ ಎಂಬುದೇ ಮುಖ್ಯ. ಈ ಕೆಲಸ ಎರವಲು ಸಿಗುವುದಿಲ್ಲ. ಅದನ್ನು ಫ್ರೀಬಿಎಸ್‌ಡಿಯವರೇ ಬರೆಯಬೇಕು.

6 ಗಿಗಾಹರ್ಟ್ಸ್ ಬ್ಯಾಂಡ್ ಇನ್ನೊಂದು ಮೆಟ್ಟಿಲು. ಅಲ್ಲಿ ಡಬ್ಲ್ಯುಪಿಎ3 ಭದ್ರತೆ ಕಡ್ಡಾಯ, ಹಳೆಯ ಡಬ್ಲ್ಯುಪಿಎ2ರಿಂದ ಸೇರಲು ಆಗುವುದಿಲ್ಲ. ಚಾನಲ್‌ಗಳ ಪಟ್ಟಿ, ದೇಶವಾರು ನಿಯಮ, ಸ್ಕ್ಯಾನ್ ಮಾಡುವ ರೀತಿ ಎಲ್ಲವೂ ಬೇರೆ. ವೈಫೈ 7 ಬಂದರಂತೂ ಒಂದು ಸಂಪರ್ಕ ಎಂದರೆ ಒಂದು ಚಾನಲ್ ಎಂಬ ಲೆಕ್ಕವೇ ಬಿದ್ದುಹೋಗುತ್ತದೆ. ಒಂದೇ ಸಂಪರ್ಕ ಎರಡು ಮೂರು ಬ್ಯಾಂಡ್‌ಗಳ ಮೇಲೆ ಏಕಕಾಲಕ್ಕೆ ಹರಿಯಬಹುದು. ಲಿನಕ್ಸ್ ಕೂಡ ಇದಕ್ಕಾಗಿ ತನ್ನ ಮ್ಯಾಕ್80211 ಅನ್ನು ಒಳಗಿನಿಂದ ಬಿಚ್ಚಿ ಕಟ್ಟಬೇಕಾಯಿತು.

ಇಂಟೆಲ್ ಕೂಡ ಸುಮ್ಮನೆ ಕೂತಿಲ್ಲ. 2025ರ ಮೇ ಕೊನೆಯಲ್ಲಿ ಬಂದ ಲಿನಕ್ಸ್ 6.15ರಲ್ಲಿ ಐಡಬ್ಲ್ಯುಎಲ್‌ವೈಫೈ ಒಳಗೆ ಹೊಸ ತಲೆಮಾರಿನ ಚಿಪ್‌ಗಳಿಗೆಂದೇ ಹೊಸದಾಗಿ ಬರೆದ ಭಾಗವೊಂದು ಸೇರಿತು. ಫ್ರೀಬಿಎಸ್‌ಡಿಯ ದುಭಾಷಿ ಮೂರು ವರ್ಷ ಕಷ್ಟಪಟ್ಟು ಕಲಿತದ್ದು ಅದರ ಹಿಂದಿನ ಭಾಗದ ಮಾತನ್ನು. 14.3 ಬಿಡುಗಡೆಯಾಗಿದ್ದು ಅದಾಗಿ ಸುಮಾರು ಎರಡು ವಾರಕ್ಕೆ.